ಗಿರಣಿ ನಿಂತ ಊರಿನ ಗಡಿಯಾರ

ಪಾಲ್ ಲಾಜರ್ಸ್‌ಫೆಲ್ಡ್ ಹುಡುಕಲು ಹೊರಟದ್ದೇ ಬೇರೆ. ಗಣಿತ ಓದಿ ಮನಶ್ಶಾಸ್ತ್ರಕ್ಕೆ ಬಂದಿದ್ದ ವಿಯೆನ್ನಾದ ಈ ಯುವಕನಿಗೆ, ದುಡಿಮೆಯ ಗಂಟೆಗಳು ಇಳಿದ ಮೇಲೆ ಮಿಕ್ಕ ಬಿಡುವನ್ನು ಕಾರ್ಮಿಕರು ಹೇಗೆ ಕಳೆಯುತ್ತಾರೆ ಎಂದು ತಿಳಿಯುವ ಆಸೆಯಿತ್ತು. ಆ ಯೋಚನೆಯನ್ನು ಸಮಾಜವಾದಿ ನಾಯಕ ಒಟ್ಟೊ ಬಾವರ್ ಮುಂದಿಟ್ಟ. ಬಾವರ್ ಗದರಿಬಿಟ್ಟ. ಸಾವಿರಾರು ಜನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿರುವಾಗ ಬಿಡುವಿನ ಅಧ್ಯಯನವಂತೆ! ಬೈಸಿಕೊಂಡು ಹೊರಬಂದವನ ಕೈಯಲ್ಲಿ ಈಗ ಬೇರೆಯೇ ಪ್ರಶ್ನೆಯಿತ್ತು. ಯಾರೂ ಬಯಸದೆ ಬಂದ ಬಿಡುವು ಮನುಷ್ಯನನ್ನು ಏನು ಮಾಡುತ್ತದೆ?

ಅದಕ್ಕೆ ಉತ್ತರ ಹುಡುಕಿ ಹೋದ ಊರು ಮಾರಿಯೆಂಟಾಲ್, ವಿಯೆನ್ನಾದಿಂದ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯ ಹಾದಿ. ಒಂದು ಬಟ್ಟೆ ಗಿರಣಿ, ಅದನ್ನೇ ನಂಬಿದ 478 ಕುಟುಂಬ. 1929ರ ಬೇಸಿಗೆಯಲ್ಲಿ ನೂಲುವ ವಿಭಾಗಕ್ಕೆ ಬೀಗ ಬಿತ್ತು. ಆಮೇಲೆ ಒಂದೊಂದೇ ವಿಭಾಗ ಮುಚ್ಚುತ್ತ ಬಂದು, 1930ರ ಫೆಬ್ರವರಿಯಲ್ಲಿ ಮಗ್ಗಗಳ ಸದ್ದೂ ಅಡಗಿತು. ಲಾಜರ್ಸ್‌ಫೆಲ್ಡ್‌ನ ಅಧ್ಯಯನದ ತಂಡ ಕಾಲಿಟ್ಟಾಗ 367 ಕುಟುಂಬಗಳಲ್ಲಿ ಒಬ್ಬರಿಗೂ ಕೆಲಸವಿರಲಿಲ್ಲ.

ತಂಡದವರೆಲ್ಲ ಎಳೆಯರು. ಲಾಜರ್ಸ್‌ಫೆಲ್ಡ್‌ಗೆ ಮೂವತ್ತು ವರ್ಷ, ಮಾರೀ ಯಹೋಡಾಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ, ಹಾನ್ಸ್ ಜೈಸೆಲ್ ಕಾನೂನು ಓದಿದವನು. ಸಮಾಜಶಾಸ್ತ್ರದ ತರಗತಿಯಲ್ಲಿ ಕಲಿತು ಬಂದವರು ಯಾರೂ ಇರಲಿಲ್ಲ. ಹಸಿದವರ ಮನೆಗೆ ನೋಟುಬುಕ್ಕು ಹಿಡಿದು ಹೋಗುವುದು ಹೇಗೆ ಎಂಬುದೇ ಅವರ ಮೊದಲ ತೊಡಕು. ಅದಕ್ಕೊಂದು ಕಟ್ಟಳೆ ಮಾಡಿಕೊಂಡರು: ಸುಮ್ಮನೆ ನೋಡಲು ಯಾರೂ ಊರಿಗೆ ಹೋಗಕೂಡದು, ಹೋದವರು ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಲೇಬೇಕು. ವಿಯೆನ್ನಾದಲ್ಲಿ ಹಳೆಯ ಬಟ್ಟೆ ಬೇಡಿ ತಂದು, ಒಗೆದು, ಹರಿದದ್ದನ್ನು ಹೊಲಿದು, ಇನ್ನೂರರಷ್ಟು ಉಡುಪು ಸಿದ್ಧ ಮಾಡಿದರು. ಯಾರಿಗೆ ಯಾವ ಅಳತೆಯದು ಬೇಕೆಂದು ಕೇಳುವ ನೆಪದಲ್ಲಿ ತಂಡದ ಲೊಟ್ಟೆ ಡಾನ್ಸಿಂಗರ್ ನೂರು ಮನೆಗಳ ಬಾಗಿಲು ತಟ್ಟಿದಳು. ಕೋಟು ಬೇಡಿದವರು ಮಾತಿನ ನಡುವೆ ತಮ್ಮ ಬದುಕನ್ನೂ ಹೇಳಿಕೊಂಡರು. ಒಬ್ಬ ವೈದ್ಯ ಬಿಟ್ಟಿ ಚಿಕಿತ್ಸೆ ಕೊಟ್ಟ, ಹೆಂಗಸರಿಗೆ ಬಟ್ಟೆ ಕತ್ತರಿಸಿ ಹೊಲಿಯುವ ತರಗತಿ ನಡೆಯಿತು. ಉಪಕಾರ ಯಾವುದು, ಅಧ್ಯಯನ ಯಾವುದು ಎಂದು ಬಿಡಿಸಿ ಹೇಳುವುದು ಅವರಿಗೂ ಕಷ್ಟವಿತ್ತೇನೋ.

1931–32ರ ಆ ಚಳಿಗಾಲದಲ್ಲಿ ಕಾಗದ ರಾಶಿ ಬಿತ್ತು. ಸಿಕ್ಕಿದ್ದನ್ನೆಲ್ಲ ಎಣಿಸುವ ಹಟ ತಂಡದ್ದು. ನಿರುದ್ಯೋಗ ಭತ್ಯೆ ಬರುವ ಹಿಂದಿನ ದಿನ 38 ಶಾಲಾಮಕ್ಕಳ ಬುತ್ತಿ ನೋಡಿದರೆ 19 ಮಕ್ಕಳ ಬಳಿ ಒಣ ಬ್ರೆಡ್ಡು, ಇಲ್ಲವೇ ಏನೂ ಇಲ್ಲ. ಭತ್ಯೆಯ ಮಾರನೆಯ ದಿನ ಅಂಥವರು ಇಬ್ಬರೇ. ಕ್ರಿಸ್‌ಮಸ್‌ಗೆ ಏನು ಬೇಕೆಂದು ಮಕ್ಕಳಿಂದ ಬರೆಸಿ, ಅವರ ಬಯಕೆಗಳಿಗೆ ಅಂಗಡಿಯ ಬೆಲೆ ಕಟ್ಟಿದರು. ಅಕ್ಕಪಕ್ಕದ ಊರುಗಳ ಮಗುವಿನ ಆಸೆ ಸರಾಸರಿ 36 ಶಿಲ್ಲಿಂಗಿನದು, ಮಾರಿಯೆಂಟಾಲಿನ ಮಗುವಿನದು 12.

ಆದರೂ ಸಿಕ್ಕು ಬಿಡಲಿಲ್ಲ. ಬಡತನ ಬಡತನದಂತೆ ಕಾಣುವುದರಲ್ಲಿ ಹೊಸದೇನು? ಕೆಲಸವಿಲ್ಲದವರು ಸಿಡಿದೇಳುತ್ತಾರೆಂದು ಕೆಲವರು ಕಾಯುತ್ತಿದ್ದ ಕಾಲ ಅದು. ಇಲ್ಲಿ ಸಿಡಿಯುವ ಸೂಚನೆಯೇ ಇರಲಿಲ್ಲ. ಅದಕ್ಕಿಂತ ವಿಚಿತ್ರ ಸಂಗತಿ ಗ್ರಂಥಾಲಯದ ಲೆಕ್ಕದಲ್ಲಿತ್ತು. ಶುಲ್ಕವನ್ನು ತೆಗೆದುಹಾಕಿದ್ದರು, ಓದಲು ಬೇಕಾದಷ್ಟು ಹೊತ್ತಿತ್ತು, ಆದರೆ 1929ರಿಂದ 1931ರೊಳಗೆ ಜನ ಒಯ್ಯುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು.

ದಿನವನ್ನು ಗಂಟೆಗಂಟೆಗೆ ಬರೆದು ಕೊಡಿ ಎಂದು ಹಾಳೆ ಹಂಚಿದರು. ಒಬ್ಬ ಗಂಡಸಿನ ಹಾಳೆ ಹೀಗಿತ್ತು: ಬೆಳಿಗ್ಗೆ ಎದ್ದ, ಹುಡುಗರನ್ನು ಎಬ್ಬಿಸಿ ಶಾಲೆಗೆ ಕಳಿಸಿದ, ಸೌದೆ ನೀರು ತಂದ. ಏನು ಅಡುಗೆ ಮಾಡಲಿ ಎಂದು ಹೆಂಡತಿ ಕೇಳಿಯಾಳೆಂದು ಹೊಲದ ಕಡೆ ತಪ್ಪಿಸಿಕೊಂಡ. ಅಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಹಾಳೆಯಲ್ಲಿ ಹನ್ನೊಂದರಿಂದ ಹನ್ನೆರಡರ ಮನೆ ಖಾಲಿ. ಮರೆತು ಬಿಟ್ಟದ್ದಲ್ಲ, ಬರೆಯುವಂಥದ್ದು ಆ ಹೊತ್ತಿನಲ್ಲಿ ನಡೆದೇ ಇರಲಿಲ್ಲ.

ಕೊನೆಗೆ ಬಯಲಾದದ್ದು ಬೀದಿಯಲ್ಲಿ. ತಂಡದವರು ಕಿಟಕಿಯ ಮರೆಯಲ್ಲಿ ಕೂತು, ಗಡಿಯಾರ ಕೈಯಲ್ಲಿ ಹಿಡಿದು, ಊರಿನ ಮುಖ್ಯ ಬೀದಿಯ ಮುನ್ನೂರು ಮೀಟರನ್ನು ಜನ ದಾಟುವುದನ್ನು ನೋಡಿದರು. ಗಂಡಸರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಕಡಿಮೆಯೆಂದರೆ ಎರಡು ಸಲವಾದರೂ ನಿಂತರು, ಎಲ್ಲೂ ನಿಲ್ಲದೆ ನಡೆದವರು ಹತ್ತಕ್ಕೆ ಒಬ್ಬ. ಹೆಂಗಸರು ಅದೇ ಬೀದಿಯಲ್ಲಿ ಒಂದೂವರೆ ಪಟ್ಟು ಬಿರುಸಾಗಿ ಹೋದರು. ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ನೂರು ಗಂಡಸರಲ್ಲಿ 88 ಜನ ಕೈಗಡಿಯಾರವನ್ನೇ ಕಟ್ಟುತ್ತಿರಲಿಲ್ಲ. ಅವರಲ್ಲಿ 31 ಜನರ ಗಡಿಯಾರ ಮನೆಯಲ್ಲೇ ಬಿದ್ದಿತ್ತು.

ಸುಮಾರು ಮೂವತ್ತು ಕಿಲೋ ಕಾಗದವನ್ನು ವಿಯೆನ್ನಾಕ್ಕೆ ಹೊತ್ತು ತಂದ ಮೇಲೂ ಲಾಜರ್ಸ್‌ಫೆಲ್ಡ್‌ಗೆ ತೃಪ್ತಿಯಿಲ್ಲ. ಇಷ್ಟೆಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಒಂದು ಸೂತ್ರ ಬೇಕೆಂದು ಪಟ್ಟು ಹಿಡಿದ. ಗ್ರಂಥಾಲಯದ ಲೆಕ್ಕ, ಹಾಳೆಯ ಖಾಲಿ ಮನೆ, ಮಕ್ಕಳ ಕುಗ್ಗಿದ ಆಸೆ, ಬೀದಿಯ ನಡಿಗೆ, ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸಿಕ್ಕಿದ ಮಾತು: ದಣಿದ ಊರು. ಪುಸ್ತಕದ ಬಹುಪಾಲನ್ನು ಯಹೋಡಾ ಬರೆದಳು. 1933ರಲ್ಲಿ ಲೈಪ್ಜಿಗ್‌ನಲ್ಲಿ ಅದು ಅಚ್ಚಾಗುವ ಹೊತ್ತಿಗೆ ಜರ್ಮನಿಯಲ್ಲಿ ಹಿಟ್ಲರ್ ಬಂದು ಕೂತಿದ್ದ. ಬರೆದವರು ಯಹೂದಿಗಳು, ಅವರ ಹೆಸರು ಮುಖಪುಟಕ್ಕೆ ಬರಲಿಲ್ಲ. ಅದೇ ವರ್ಷ ಲಾಜರ್ಸ್‌ಫೆಲ್ಡ್ ಅಮೆರಿಕಕ್ಕೆ ಹೋದ, ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜವನ್ನು ಅಳೆಯುವ ವಿದ್ಯೆಯನ್ನು ಒಂದು ಪೀಳಿಗೆಗೇ ಕಲಿಸಿದ. ಯಹೋಡಾ 1936ರಲ್ಲಿ ಆಸ್ಟ್ರಿಯಾದ ಸೆರೆಮನೆ ಸೇರಿ, ಮರುವರ್ಷ ಬಿಡುಗಡೆಯಾಗಿ ಇಂಗ್ಲೆಂಡಿಗೆ ಹೋದಳು. ಪುಸ್ತಕ ಇಂಗ್ಲಿಷಿಗೆ ಬಂದದ್ದು 1971ರಲ್ಲಿ.

ಅವರು ಕಂಡುಕೊಂಡದ್ದು ಇಷ್ಟು. ಗಿರಣಿ ಕೂಲಿಯ ಜೊತೆಗೆ ದಿನಕ್ಕೊಂದು ಚೌಕಟ್ಟನ್ನೂ ಕೊಡುತ್ತಿತ್ತು. ಅದು ಹೋದ ಮೇಲೆ ಗಂಡಸರಿಗೆ ಏಳುವುದು, ಉಣ್ಣುವುದು, ಮಲಗುವುದು ಬಿಟ್ಟರೆ ಹೊತ್ತಿಗೆ ಗುರುತೇ ಇಲ್ಲವಾಯಿತು, ಕೈಗೆ ಬಂದ ಬಿಡುವಿನ ಜೊತೆ ಏನಾದರೂ ಮಾಡುವ ಶಕ್ತಿಯೂ ಹೋಯಿತು. ಹೆಂಗಸರಿಗೆ ಸಂಬಳ ತಪ್ಪಿತ್ತು, ಮನೆಗೆಲಸ ತಪ್ಪಿರಲಿಲ್ಲ, ಅವರ ಬಿರುಸಿಗೆ ಅದೇ ಕಾರಣ. ಗಿರಣಿಯಲ್ಲಿ ದುಡಿದು ಬಂದು ರಾತ್ರಿಯೆಲ್ಲ ಮನೆ ತೊಳೆದು ಬಟ್ಟೆ ಒಗೆದು ಬಸವಳಿಯುತ್ತಿದ್ದ ಅದೇ ಹೆಂಗಸರು, ಗಿರಣಿ ತೆರೆದರೆ ನಾಳೆಯೇ ಹೋಗುತ್ತೇವೆ ಎನ್ನುತ್ತಿದ್ದರು, ದುಡ್ಡಿಗಾಗಿಯಷ್ಟೇ ಅಲ್ಲ, ಅಲ್ಲಿ ನಾಲ್ಕು ಜನರ ಮುಖ ಕಾಣುತ್ತದೆಂದು.