ನಗದ ಮುಖದ ವಾದ

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಸಲ ಕ್ಯಾಮೆರಾದ ಮುಂದೆ ಕೂತವರು ಅಧ್ಯಕ್ಷ ಲಿಂಕನ್ ಅಲ್ಲ. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್. ಲಿಂಕನ್ ಅವರ ಫೋಟೋಗಳು ಸುಮಾರು 130 ಸಿಕ್ಕಿದ್ದರೆ, ಡಗ್ಲಾಸ್ ಅವರದು ಸುಮಾರು 160. ಇದನ್ನು ಬರೀ ಆತ್ಮಪ್ರದರ್ಶನ ಎನ್ನುವವರು ಆ ಕಾಲದ ವ್ಯಂಗ್ಯಚಿತ್ರಗಳನ್ನು ನೋಡಬೇಕು: ಕಪ್ಪು ಮನುಷ್ಯನೆಂದರೆ ಹಲ್ಲು ಕಿರಿಯುವ ಕೋಡಂಗಿ. ಬಿಳಿಯ ಚಿತ್ರಕಾರರು ಕಪ್ಪು ಮುಖವನ್ನು ಪಕ್ಷಪಾತವಿಲ್ಲದೆ ಬರೆಯುವುದು ಅಸಾಧ್ಯವೆಂದೇ ಡಗ್ಲಾಸ್ 1849ರಲ್ಲಿ ತಮ್ಮ 'ನಾರ್ತ್ ಸ್ಟಾರ್' ಪತ್ರಿಕೆಯಲ್ಲಿ ಆಕ್ಷೇಪಿಸಿದ್ದರು. ಆ ಸುಳ್ಳಿಗೆ ಉತ್ತರವಾಗಿ ಅವರು ಫೋಟೋವನ್ನು ಆರಿಸಿಕೊಂಡರು. 1861ರಲ್ಲಿ ಬಾಸ್ಟನ್‌ನಲ್ಲಿ ಚಿತ್ರಗಳ ಶಕ್ತಿಯ ಬಗ್ಗೆಯೇ ಉಪನ್ಯಾಸ ಕೊಟ್ಟರು. ಅಚ್ಚುಕಟ್ಟಾದ ಕೋಟು, ಬಿಗಿದ ತುಟಿ, ನೆಟ್ಟ ನೋಟ, ಎಲ್ಲವೂ ಆ ವಾದದ ಭಾಗ.

ಆಗ ಯಾರೂ ನಗುತ್ತಿರಲಿಲ್ಲ, ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತಲ್ಲ ಎನ್ನಬಹುದು. ಮೊದಮೊದಲು ಅದು ನಿಜ. ಆದರೆ ಆ ಕಾಯುವಿಕೆ ಕೆಲವೇ ಸೆಕೆಂಡುಗಳಿಗೆ ಇಳಿದ ಮೇಲೂ ಡಗ್ಲಾಸ್ ಮುಖಭಾವ ಸಡಿಲಿಸಲಿಲ್ಲ. ಕ್ಯಾಮೆರಾವೂ ಪಕ್ಷಪಾತ ಮಾಡಬಲ್ಲದು ಎಂಬ ಆಕ್ಷೇಪ ಇನ್ನೂ ಗಟ್ಟಿಯದು. 1850ರಲ್ಲಿ ವಿಜ್ಞಾನಿ ಲೂಯಿ ಅಗಾಸಿ, ಜನಾಂಗಗಳು ಬೇರೆಬೇರೆ ಎಂದು ಸಾಧಿಸಲು, ದಕ್ಷಿಣ ಕೆರೊಲಿನಾದ ಗುಲಾಮರ ಬಟ್ಟೆ ಕಳಚಿಸಿ ಫೋಟೋ ತೆಗೆಸಿದ. ಯಂತ್ರ ಅದೇ. ಅಲ್ಲಿ ಕೂತವರಿಗೆ ಒಲ್ಲೆ ಎನ್ನುವ ಹಕ್ಕಿರಲಿಲ್ಲ. ಡಗ್ಲಾಸ್ ತಾವು ಹೇಗೆ ಕಾಣಬೇಕೆಂದು ತಾವೇ ತೀರ್ಮಾನಿಸಿದರು. 1895ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷವೂ ಅವರು ಫೋಟೋ ತೆಗೆಸಿಕೊಂಡಿದ್ದರು.