ಬಂಗುಡೆ ಫ್ರೈಗೆ ದೊಡ್ಡಬಳ್ಳಾಪುರದ ವೈನ್

ವಿಲೆ ಪಾರ್ಲೆಯಲ್ಲಿ ಪರ್ಮಿಟ್ ರೂಂ ನಡೆಸುವ ನಮ್ಮ ಅನೇಕ ಮಾಲಕರ ಮೆನು ಕಾರ್ಡಿನಲ್ಲಿ ವೈನ್ ಕೊನೆಯ ಸಾಲು. ಇದ್ದರೂ ನಾಸಿಕದ್ದೇ. ನಮ್ಮ ನಾಡಿನಲ್ಲೂ ಒಳ್ಳೆಯ ವೈನ್ ತಯಾರಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು 1988ರಲ್ಲಿ ಫ್ರೆಂಚ್ ದ್ರಾಕ್ಷಿ ತಳಿಗಳ ತೋಟ ಆರಂಭಿಸಿದರು. ಮೊದಲ ವೈನ್ ಹೊರಬಂದದ್ದು 1992ರಲ್ಲಿ. 2012ರಲ್ಲಿ ನಾಸಿಕದ ವೈನರಿಯೊಂದರ ಜತೆ ವಿಲೀನವಾಗಿ ಸಂಸ್ಥೆ ಗ್ರೋವರ್ ಝಾಂಪಾ ಆಯಿತು.

ಇವರ ಕೆಂಪು ವೈನ್ 'ಲಾ ರಿಸರ್ವ್' ಹೆಸರುವಾಸಿ. ಆದರೆ ಅದನ್ನು ಚಿಕನ್ ಘೀ ರೋಸ್ಟ್ ಜತೆ ಕೊಡಬೇಡಿ. ಕೆಂಪು ವೈನಿನ ಒಗರು ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಗಿರಾಕಿ ಮಾತ್ರ ವೈನ್ ಕೆಟ್ಟಿದೆ ಎಂದು ವಾಪಸು ಕಳಿಸುತ್ತಾರೆ! ಘೀ ರೋಸ್ಟಿಗೆ ತಂಪಾದ ಶಿರಾಜ್ ರೋಸೆ ಹೊಂದುತ್ತದೆ. ಬಂಗುಡೆ, ಬೊಂಬಿಲ್ ಫ್ರೈಗೆ ಸೊವಿನ್ಯೋ ಬ್ಲಾಂಕ್. ಅದರ ಹುಳಿ ಲಿಂಬೆ ಹಿಂಡಿದಂತೆಯೇ ಎಣ್ಣೆಯ ಜಿಡ್ಡನ್ನು ಕಡಿಯುತ್ತದೆ. ತೆಂಗಿನ ಹಾಲಿನ ಗಸಿ, ನೀರುದೋಸೆಗೆ ವಿಯೊನ್ಯೇ. ಕೆಂಪು ವೈನ್ ಸೀಖ್ ಕಬಾಬಿಗೆ ಇರಲಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆನ್ನುವುದು ಯುರೋಪಿನ ಚಳಿಯ ಮಾತು. ಮುಂಬಯಿಯ ಸೆಕೆಗೆ ಅದನ್ನೂ ಸ್ವಲ್ಪ ತಂಪು ಮಾಡಿ 16ರಿಂದ 18 ಡಿಗ್ರಿಯಲ್ಲಿ ಕೊಡಿ. ಬಿಳಿಯದು 8ರಿಂದ 10. ಬಾಟಲಿಗಳನ್ನು ಅಡುಗೆಮನೆಯ ಗೋಡೆಗೆ ತಾಗಿಸಿ ಇಡಲೇಬೇಡಿ.

750 ಮಿ.ಲೀ. ಬಾಟಲಿಯಲ್ಲಿ 150ರ ಐದು ಗ್ಲಾಸು. ಎರಡು ಮಾರಿ ಮೂರು ಚೆಲ್ಲಿದರೆ ಲಾಭವೆಲ್ಲಿ? ತೆರೆದ ಬಾಟಲಿಗೆ ಬಿರಡೆ ಹಾಕಿ, ತಾರೀಕು ಬರೆದು ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನದೊಳಗೆ ಮುಗಿಸಿ. ಉಳಿದರೆ ಮಟನ್ ಗ್ರೇವಿಗೆ ಹಾಕಬಹುದು, ಆದರೆ ಮೆನುವಿನಲ್ಲಿ ಅದನ್ನು ಬರೆದಿರಬೇಕು.