ಅಂಕ ಕಡಿಮೆ ಬಂದ ಮಗಳು ನರ್ಸ್ ಆಗಬಹುದೇ?



2024ರ ಬೇಸಿಗೆಯಲ್ಲಿ ಭದ್ರಾವತಿ ತಾಲ್ಲೂಕಿನ ಸದಸ್ಯರೊಬ್ಬರ ಮನೆಗೆ ಹಸುವಿನ ಗರ್ಭ ಪರೀಕ್ಷೆಗೆ ಹೋಗಿದ್ದೆ. ಮೂರು ತಿಂಗಳ ಗಬ್ಬ. ಸಂತೋಷಪಡುವ ಬದಲು ಅವರು, "ಡಾಕ್ಟ್ರೇ, ಈಗ ಮಾರಿದರೆ ಎಷ್ಟು ಬಂದೀತು?" ಎಂದರು. ಮನೆಯ ಬಟವಾಡೆಯಲ್ಲಿ ಅರ್ಧ ಆ ಹಸುವಿನದೇ. ವಿಚಾರಿಸಿದಾಗ ತಿಳಿಯಿತು: ಮಗಳಿಗೆ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 217 ಅಂಕ, ಇಂಗ್ಲಿಷ್‌ನಲ್ಲಿ 38. "ಅಂಕ ನೋಡುವುದಿಲ್ಲ, ಒಂದೇ ವರ್ಷದಲ್ಲಿ ನರ್ಸ್ ಮಾಡಿಸುತ್ತೇವೆ" ಎಂದು ಶಿವಮೊಗ್ಗದಲ್ಲಿ ಮಧ್ಯವರ್ತಿಯೊಬ್ಬ ಮುಂಗಡ ಕೇಳಿದ್ದನಂತೆ.

ಒಂದು ಹೊತ್ತು ಹಾಲಿನ ಎಸ್.ಎನ್.ಎಫ್. ಕಡಿಮೆ ಬಂತೆಂದು ಹಸುವನ್ನೇ ಯಾರೂ ಮಾರುವುದಿಲ್ಲ. ಮೊದಲು ಲೆಕ್ಕ ನೋಡೋಣ ಎಂದೆ.

ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಪಿಯುಸಿಯಲ್ಲಿ ಒಟ್ಟು ಶೇ. 40 ಬೇಕು, ಇಂಗ್ಲಿಷ್‌ನಲ್ಲಿ ಪ್ರತ್ಯೇಕವಾಗಿಯೂ ಶೇ. 40 ಬೇಕು. ವಿಜ್ಞಾನ ಓದಿದವರಿಗೆ ಆದ್ಯತೆ ಇದೆ, ಆದರೆ ಕಲಾ, ವಾಣಿಜ್ಯದವರಿಗೂ ಬಾಗಿಲು ಮುಚ್ಚಿಲ್ಲ. 600ಕ್ಕೆ ಶೇ. 40 ಎಂದರೆ 240. ಈ ಹುಡುಗಿಗೆ ಕೊರತೆಯಿದ್ದುದು 23 ಅಂಕ, ಇಂಗ್ಲಿಷ್‌ನಲ್ಲಿ ಎರಡೇ ಎರಡು! ಇಷ್ಟಕ್ಕೆ ಗಬ್ಬದ ಹಸು ಮಾರುವುದೇ?

ಅದೇ ವರ್ಷ ರಾಜ್ಯದಲ್ಲಿ ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆಕೆ ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರ ಮೂರನ್ನೇ ಮತ್ತೆ ಬರೆದು 251ಕ್ಕೆ ಬಂದಳು. ಪಿಯುಸಿಯಲ್ಲಿ ಪೂರ್ತಿ ನಪಾಸಾದವರು ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಪರೀಕ್ಷೆ ಕಟ್ಟಬಹುದು. ಆ ಅಂಕಪಟ್ಟಿಗೂ ಮಾನ್ಯತೆ ಇದೆ.

ಶೇ. 40 ಮುಟ್ಟದ ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಎರಡು ವರ್ಷದ ಎ.ಎನ್.ಎಂ. ನಮ್ಮ ಉಪಕೇಂದ್ರಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್ ಓದಿರುವುದು ಇದನ್ನೇ. ಎ.ಎನ್.ಎಂ. ಮುಗಿಸಿ ನೋಂದಣಿಯಾದವರು ಜಿ.ಎನ್.ಎಂ.ಗೂ, ಅದಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೂ ಹೋಗಬಹುದು. ನೇರ ಬಿ.ಎಸ್ಸಿ. ನರ್ಸಿಂಗ್‌ಗೆ ಮಾತ್ರ ವಿಜ್ಞಾನವೇ ಬೇಕು, ಶೇ. 45 (ಪರಿಶಿಷ್ಟರಿಗೆ ಶೇ. 40).

ಇನ್ನು ಆ ಮಧ್ಯವರ್ತಿಯ ಮಾತು. ಆರು ತಿಂಗಳ, ಒಂದು ವರ್ಷದ 'ನರ್ಸಿಂಗ್' ಸರ್ಟಿಫಿಕೇಟಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದೆ ಮೆಗ್ಗಾನ್ ಆಸ್ಪತ್ರೆಯ ಶುಶ್ರೂಷಾಧಿಕಾರಿ ಹುದ್ದೆಗೆ ಅರ್ಜಿಯನ್ನೂ ಹಾಕಲಾಗದು. ಹಣ ಕಟ್ಟುವ ಮೊದಲು ಶಾಲೆಯ ಹೆಸರು, ಕೋರ್ಸಿನ ಹೆಸರು ಎರಡೂ ಪರಿಷತ್ತಿನ ಮಾನ್ಯತೆ ಪಟ್ಟಿಯಲ್ಲಿ ಇವೆಯೇ ನೋಡಿ. ಮೂಲ ಅಂಕಪಟ್ಟಿಯನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ.

ಸೀಟು ಸಿಕ್ಕ ಮೇಲೆ ನಿಜವಾದ ಕಷ್ಟ ಇಂಗ್ಲಿಷಿನದು. ಮೊದಲ ವರ್ಷದ ಅಂಗರಚನಾಶಾಸ್ತ್ರವೇ ಕನ್ನಡ ಮಾಧ್ಯಮದ ಮಕ್ಕಳನ್ನು ಹೆದರಿಸುತ್ತದೆ. (ಪಶುವೈದ್ಯ ಓದುವಾಗ ನಾನೂ ಅದರಲ್ಲೇ ಒಮ್ಮೆ ನಪಾಸಾದವನು.) ಫಲಿತಾಂಶ ಬಂದ ದಿನದಿಂದ ತರಗತಿ ಶುರುವಾಗುವವರೆಗೆ ಸಿಗುವ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಪದದಂತೆ ದೇಹದ ಭಾಗಗಳ ಇಂಗ್ಲಿಷ್ ಹೆಸರು ಬರೆದು ಕಲಿಯಲಿ. ಕೊಟ್ಟಿಗೆ ಕೆಲಸದಿಂದ ಆಕೆಗೆ ಸಂಜೆ ಒಂದು ಗಂಟೆ ಬಿಡುವು ಕೊಡಿ.